ಹಳೇ ಸಾಕೆಟ್ ಕಿತ್ತದ್ದು

ಒಬ್ಬರೇ ಕೂತು ಕೆಲಸ ಮಾಡುವವರಿಗೂ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಜತೆಗೆ ನಗುವವರು ಮಾತ್ರ ಇರುವುದಿಲ್ಲ.

ಎರಡು ಸಾವಿರದ ದಶಕದಲ್ಲಿ ನಾನು ರಾಮನಗರದ ಹತ್ತಿರದ ಒಂದು ಕಾರ್ಖಾನೆಯಲ್ಲಿದ್ದೆ. ಡೇರಿಗಳಿಗೆ ಹಾಲು ಅಳೆಯುವ ಯಂತ್ರ, ಅದರ ಕಂಪ್ಯೂಟರ್, ಆಪರೇಟಿಂಗ್ ಸಿಸ್ಟಮ್ ಎಲ್ಲ ನಮ್ಮದೇ. ಯಂತ್ರ ಜೋಡಿಸುವವರು ದೊಡ್ಡ ಶೆಡ್ಡಿನಲ್ಲಿ, ಸಾಫ್ಟ್‌ವೇರಿಗೆ ನಾನೊಬ್ಬಳೇ ಹಿಂದಿನ ಕೋಣೆಯಲ್ಲಿ.

ಮನೆ ಅಜ್ಜಿ

ಒಂದು ಪ್ರೋಗ್ರಾಮ್ ಇನ್ನೊಂದರ ಜತೆ ಮಾತಾಡುವ ಬಾಗಿಲಿಗೆ ಸಾಕೆಟ್ ಅನ್ನುತ್ತಾರೆ. ನಮ್ಮ ಸಿಸ್ಟಮ್ಮಿಗೆ ಹೊಸ ಬಾಗಿಲು ಬಂದಿದ್ದರೂ ಹಳೇ ಪ್ರೋಗ್ರಾಮುಗಳಿಗಾಗಿ ಹಳೆಯದನ್ನೂ ಉಳಿಸಿಕೊಂಡಿದ್ದರು. ಅದನ್ನು ಕಿತ್ತುಹಾಕು, ಆದರೆ ಒಂದು ಡೇರಿಯೂ ನಿಲ್ಲಬಾರದು ಅಂದರು ಸಾಹೇಬರು.

ಚನ್ನಪಟ್ಟಣದಲ್ಲಿ ನನಗೆ ರೂಮು ಕೊಟ್ಟಿದ್ದ ಅಜ್ಜಿ ಏನು ಕೆಲಸ ಅಂತ ಕೇಳಿದರು. ಹಿಂದಿನ ಕೋಣೇಲಿ ಒಬ್ಬಳೇ ಕೂತು ಹಳೇ ಸಾಕೆಟ್ ತೆಗೆಯೋದು ಅಂದೆ. ಭಾನುವಾರ ಬಂದು, ಮಿಕ್ಸಿ ಸಾಕೆಟ್ಟಲ್ಲಿ ಕಿಡಿ ಬರ್ತೈತೆ, ಒಸಿ ಕಿತ್ಕೊಡು ಅಂದರು. ನನಗೆ ಅದು ಬರಲ್ಲ ಅಂದೆ. ಅಜ್ಜಿ ಮರುಕದಿಂದ ನೋಡಿದರು.

"ಅದ್ಕೇಯಾ ನಿನ್ನ ಒಬ್ಳನ್ನೇ ಹಿಂದ್ಗಡೆ ಕೂರ್ಸವ್ರೆ?"

ಮುಚ್ಚಿದ ದಾರಿ

ಹಳೇ ಬಾಗಿಲನ್ನು ಇನ್ನೂ ಯಾರು ಬಳಸುತ್ತಿದ್ದಾರೆ ಅಂತ ಮೊದಲು ತಿಳಿಯಬೇಕಿತ್ತು. ಬಳಸಿದ ಕಡೆಯೆಲ್ಲ ಪರದೆಯ ಮೇಲೆ 'ಇದು ಹಳೇ ದಾರಿ, ಸದ್ಯದಲ್ಲೇ ಮುಚ್ಚಲಿದೆ, ಕಾರ್ಖಾನೆಗೆ ತಿಳಿಸಿ' ಅಂತ ಬರುವಂತೆ ಮಾಡಿದೆ.

ಸಾತನೂರು ಕಡೆಯ ಒಂದು ಡೇರಿಯ ಕಾರ್ಯದರ್ಶಿ ಫೋನ್ ಮಾಡಿದರು. ನಮ್ಮಪ್ಪನ ವಯಸ್ಸಿನವರು. ದಾರಿ ಮುಚ್ಚಿದರೆ ಹಾಲಿನ ಲಾರಿ ಕನಕಪುರಕ್ಕೆ ಯಾವ ಕಡೆಯಿಂದ ಹೋಗಬೇಕು ಅಂತ ಕೇಳಿದರು. ಅದು ಕಂಪ್ಯೂಟರ್ ಒಳಗಿನ ದಾರಿ ಅಂದೆ.

"ಅಲ್ಲೂ ರಸ್ತೆ ಅಗೀತಾರಾ ಮೇಡಂ?"

ಆಮೇಲೆ ಏನಾದರೊಂದು ನೆಪಕ್ಕೆ ಆಗಾಗ ಫೋನ್ ಮಾಡುತ್ತಿದ್ದರು. ನನಗೂ ಅದು ಬೇಕಿತ್ತು.

ಬಾರದ ಫೋನು

ಹಳೇ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ಹೊಸ ಬಾಗಿಲಿಗೆ ತಿರುಗಿಸಿ, ಹಳೆಯದನ್ನು ಕಿತ್ತೆ. ಹೊಸ ಸಿಸ್ಟಮ್ ಡೇರಿಗಳಿಗೆ ಹೋಯಿತು. ಎಲ್ಲಾದರೂ ನಿಂತರೆ ಹಾಲು ಕೆಡುತ್ತದೆ. ಬುತ್ತಿಯನ್ನೂ ಫೋನಿನ ಪಕ್ಕದಲ್ಲೇ ಬಿಚ್ಚಿದೆ. ಅವತ್ತು ಫೋನ್ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ. ಗೆದ್ದಿದ್ದೆ, ಆದರೆ ಯಾರಿಗೆ ಹೇಳಲಿ?

ಕೊನೆಗೆ ನಾನೇ ಆ ಕಾರ್ಯದರ್ಶಿಗೆ ಫೋನ್ ಮಾಡಿ, ಏನಾದರೂ ಕೆಟ್ಟಿದೆಯಾ ಅಂತ ಕೇಳಿದೆ. ಏನೂ ಇಲ್ಲ ಅಂದರು. ಹಾಲಿನ ಲೆಕ್ಕದ ಚೀಟಿ ಬರುತ್ತಿದೆಯಾ ಅಂದೆ. ಬರ್ತಾ ಐತೆ ಅಂದರು. ಇನ್ನೊಂದು ಸಲ ಸರಿಯಾಗಿ ನೋಡಿ ಅಂದೆ.

ಅವರು ಮೇಡಂ ಅನ್ನುವುದನ್ನು ಬಿಟ್ಟು ಮೆತ್ತಗೆ ಹೇಳಿದರು:

"ಮಾತಾಡ್ಬೇಕು ಅನ್ಸಿದ್ರೆ ಮಾತಾಡು ಕಣವ್ವ. ಅದಕ್ಕೆ ಮಿಷಿನ್ ಯಾಕೆ ಕೆಡ್ಬೇಕು?"