ಚಪ್ಪಲಿಗೂ ಕವಾಯತು ಮಾಡಿಸಿದ ಬ್ರಿಗೇಡಿಯರ್

ಮಕ್ಕಳೇ, ಸೌದಿಯ ಇಡೀ ಹಫ್ರ್ ಅಲ್ ಬಾತಿನ್ ಊರಿನಲ್ಲಿ ಚಪ್ಪಲಿಗೂ ಕವಾಯತು ಮಾಡಿಸಿದವರು ಅವರೊಬ್ಬರೇ! ಬ್ರಿಟಿಷ್ ಸೈನ್ಯದಲ್ಲಿ ಬ್ರಿಗೇಡಿಯರ್ ಆಗಿ ನಿವೃತ್ತರಾಗಿ, ಇಲ್ಲಿನ ಸೈನಿಕರಿಗೆ ತರಬೇತಿ ಕೊಡಲು ಬಂದಿದ್ದರು. ನಿಮ್ಮ ಅಜ್ಜ ಅವರ ಡ್ರೈವರ್. ಬಂಗಲೆಯ ಹಿಂದಿನ ಎರಡು ಕೋಣೆ ನಮ್ಮದು.

ಬೆಳಿಗ್ಗೆ ಬೆತ್ತ ಹಿಡಿದು ಬರುವರು. ಮೊದಲು ಟೊಮೆಟೊ ಗಿಡಗಳ ತಪಾಸಣೆ. ವಾಲಿದ ಗಿಡಕ್ಕೆ ಬೈಗುಳ. ಆಮೇಲೆ ನಮ್ಮ ಬಾಗಿಲ ಚಪ್ಪಲಿಗಳು. ಬೆತ್ತದ ತುದಿಯಿಂದ ತಳ್ಳಿ ತಳ್ಳಿ ಸಾಲು ಮಾಡುವರು. ಅಜ್ಜ ಬೇಕೆಂದೇ ತಮ್ಮ ಜೋಡಿಯನ್ನು ಅಡ್ಡಾದಿಡ್ಡಿ ಬಿಸಾಡುತ್ತಿದ್ದರು.

“ಪಾಪ, ಅವರನ್ನು ಎಂತಕ್ಕೆ ಗೋಳು ಹೊಯ್ಯುವುದು?” ಎಂದರೆ, “ಅವರಿಗೆ ಈಗ ಬೇರೆ ಯುದ್ಧ ಎಂತ ಉಂಟು ಮಾರಾಯ್ತಿ? ಇದೊಂದಾದರೂ ಗೆಲ್ಲಲಿ!” ಎನ್ನುವರು.

ಮೀಸೆ ಮೂಡುವ ಮೊದಲೇ ಸೈನ್ಯ ಸೇರಿದವರಂತೆ. ಜರ್ಮನಿಯ ಹಿಮ, ಐರ್ಲೆಂಡಿನ ಬೀದಿ, ಕುವೈತ್ ಯುದ್ಧಕ್ಕೆ ಇದೇ ಮರಳು. ಹೆಂಡತಿ ತೀರಿಕೊಂಡಾಗಲೂ ಯಾವುದೋ ಶಿಬಿರದಲ್ಲಿದ್ದರು, ಮಣ್ಣಿಗೂ ಹೋಗಲಾಗಲಿಲ್ಲ. ಅದನ್ನು ಅಜ್ಜನಿಗೆ ಒಮ್ಮೆ ಮಾತ್ರ ಹೇಳಿದ್ದು. ದಿನವೂ ಹೇಳುತ್ತಿದ್ದುದು, “ನಾನು ಯಾರಿಗೂ ಬೆನ್ನು ತೋರಿಸಿದವನಲ್ಲ!” ನಿಜವೇ. ಟೊಮೆಟೊಗೂ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು, ಒಂದು ದಿನ ನೀರಿನ ತೊಟ್ಟಿಯಲ್ಲಿ ಕೂತರು!

ಒಂದು ಮಧ್ಯಾಹ್ನ ಅಜ್ಜ ಊಟಕ್ಕೆ ಬಂದವರು ಎದೆ ಹಿಡಿದು ಕುಸಿದರು. ಮತ್ತೆ ಏಳಲಿಲ್ಲ. ಆ ವಾರವೇ ಅವರಿಬ್ಬರಿಗೂ ಕೆಲಸ ಕೊಟ್ಟಿದ್ದ ಕಂಪನಿಯವರು ಕೋಣೆ ಖಾಲಿ ಮಾಡಿ ಎಂದರು. ನಾನಿದ್ದುದು ಅಜ್ಜನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ತಾನೇ? ಆದರೆ ನನ್ನ ಇದ್ದತ್? ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರಿದ್ದ ಮನೆಯಲ್ಲೇ ಕಳೆಯಬೇಕು, ಪರಗಂಡಸರ ಎದುರು ಬರಬಾರದು. ಅಜ್ಜನಿಗಾಗಿ ನಾನು ಮಾಡಬಹುದಾಗಿದ್ದುದು ಅದೊಂದೇ. ಬಾಯಿ ಬಿಟ್ಟು ಕೇಳುವ ಧೈರ್ಯ ನನಗೆಲ್ಲಿ? ನಿಮ್ಮ ಅಪ್ಪನೇ ಹೋಗಿ ಬ್ರಿಗೇಡಿಯರಿಗೆ ಹೇಳಿದ. ಅವರು ಕೂಡಲೇ ಕಂಪನಿಗೆ ಹೊರಟರು.

ಸಂಜೆ ಬೆತ್ತದ ಸದ್ದು ಕೇಳಿತು. ನಾನು ಪರದೆಯ ಹಿಂದೆ ಸರಿದೆ. ಬಾಗಿಲ ಬಳಿ ಬಂದವರು ಸರಕ್ಕನೆ ತಿರುಗಿ, ನನ್ನ ಕಡೆಗೆ ಬೆನ್ನು ಮಾಡಿ ನಿಂತರು. ಯಾರಿಗೂ ತೋರಿಸದ ಬೆನ್ನು! ಅಂಗಳದ ಗೋಡೆಗೆ ಹೇಳುವಂತೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

“ಉಮ್ಮ, ಇದ್ದತ್ ಮುಗಿಯುವವರೆಗೆ ಇಲ್ಲೇ ಇರಬಹುದಂತೆ,” ಎಂದ ನಿಮ್ಮ ಅಪ್ಪ. “ಇಲ್ಲದಿದ್ದರೆ ನಾನೂ ಕೆಲಸ ಬಿಡ್ತೇನೆ ಅಂತ ಕಂಪನಿಯವರಿಗೆ ಅಂದರಂತೆ.”

ಬೆತ್ತದ ಸದ್ದು ದೂರವಾದ ಮೇಲೆ ಪರದೆ ಸರಿಸಿದೆ. ಸಾಂತ್ವನ ಹೇಳಲು ಬಂದ ಹೆಂಗಸರ ಚಪ್ಪಲಿಗಳೆಲ್ಲ ಸಾಲಾಗಿ ನಿಂತಿದ್ದವು. ಅಜ್ಜನ ಜೋಡಿ ಮಾತ್ರ ಅವರು ಕೊನೆಯ ಸಲ ಬಿಸಾಡಿದಂತೆಯೇ ಅಡ್ಡ ಬಿದ್ದಿತ್ತು. ಬೆತ್ತ ಅದನ್ನು ಮುಟ್ಟಿರಲಿಲ್ಲ.