ಗಡಿಗೆಯೊಳಗಿನ ಬ್ರೋಮಿನ್

ಶಿಸ್ತು ಕಲಿಸಬೇಕೆಂದು ನಾನು ಕಾಲಿಟ್ಟಲ್ಲೆಲ್ಲ ನಗೆಪಾಟಲಿನ ಪ್ರಸಂಗಗಳು ನನಗಿಂತ ಮೊದಲೇ ಹೋಗಿ ಕುಳಿತಿರುತ್ತಿದ್ದವು. ಈಗ ನೆನೆದರೆ ನಗುವಿಗಿಂತ ಮೊದಲು ನಾಚಿಕೆ ಬರುತ್ತದೆ.

ಎಂಬತ್ತರ ದಶಕದಲ್ಲಿ ನಾನು ಅಫಜಲಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮುಖ್ಯಸ್ಥೆ. ಕಾನ್ವೆಂಟಿನಲ್ಲಿ ಓದಿದವಳು; ಸೀರೆಯ ನೆರಿಗೆಯಿಂದ ಲ್ಯಾಬಿನ ಬ್ಯೂರೆಟ್ಟಿನವರೆಗೆ ಎಲ್ಲವೂ ನೆಟ್ಟಗಿರಬೇಕು. ಲ್ಯಾಬಿನ ಅಟೆಂಡರ್ ನನಗಿಂತ ಹಿರಿಯರು, ಬಹಳ ವರ್ಷಗಳಿಂದ ಹಂಗಾಮಿ. ಇಡೀ ಕಾಲೇಜು ಅವರನ್ನು ‘ಚಾಚಾ’ ಎನ್ನುತ್ತಿತ್ತು. ನಾನು ಮಾತ್ರ ‘ಅಟೆಂಡರ್’ ಎನ್ನುತ್ತಿದ್ದೆ. ಅವರನ್ನು ಕಾಯಂ ಮಾಡಬಹುದೇ ಎಂದು ವರದಿ ಬರೆಯುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂತು.

೧. ಕಪಾಟು

ಒಂದು ದಿನ ನೋಡುತ್ತೇನೆ, ಬ್ರೋಮಿನ್ ಬಾಟಲಿ ಮೂಲೆಯ ಗಡಿಗೆಯಲ್ಲಿ ಮರಳಿನೊಳಗೆ ಹೂತು ಕುಳಿತಿದೆ. ಗಡಿಗೆಗೆ ಸುತ್ತಲೂ ಒದ್ದೆ ಗೋಣಿಚೀಲ.

“ಇದೇನು ಲ್ಯಾಬೋ, ಅಡುಗೆಮನೆಯೋ?”

“ಬಿಸಲ ಭಾಳ ಅದರಿ ಮೇಡಂ. ಕಪಾಟಿನ್ಯಾಗ ಇಟ್ರ ಬಾಟ್ಲಿ ತಡಕೊಳ್ಳೂದಿಲ್ರಿ, ಕೆಂಪು ಹೊಗಿ ಏಳ್ತದ.”

ನಾನೇ ಅದನ್ನು ಎತ್ತಿ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ದೂರೆಂದೇ ವರದಿಯ ಮೊದಲ ಸಾಲನ್ನು ನನ್ನ ಇಂಗ್ಲಿಷಿನಲ್ಲಿ ಬರೆದೆ: “ಬ್ರೋಮಿನನ್ನು ಕಪಾಟಿನಲ್ಲಿಡದೆ ಒದ್ದೆ ಗಡಿಗೆಯಲ್ಲಿಡುತ್ತಾರೆ.” ವರದಿಯ ಫೈಲನ್ನೂ ಅದೇ ಕಪಾಟಿನಲ್ಲಿಟ್ಟೆ.

ವಾರದೊಳಗೆ ಬ್ರೋಮಿನಿನ ಹೊಗೆಗೆ ಬೀಗ ತುಕ್ಕು ಹಿಡಿದು ಬಿಗಿದುಕೊಂಡಿತು. ಚಾಚಾ ಸೀಮೆಎಣ್ಣೆ ಬಿಟ್ಟು ಅರ್ಧ ದಿನ ಬಡಿದು ತೆರೆದರು. ಹೊಗೆಗೆ ಅಂಚು ಕಂದಿದ ಫೈಲನ್ನು ಒರೆಸಿ ನನ್ನ ಕೈಗಿತ್ತರು: “ತಗೋರಿ ಮೇಡಂ, ನಿಮ್ಮ ಕಾಗದಕ್ಕ ಏನೂ ಆಗಿಲ್ಲ.”

೨. ಬೂದಿ

ಅನಿಲೀನ್ ಎಂಬ ರಾಸಾಯನಿಕಕ್ಕೆ ನೇರವಾಗಿ ಬ್ರೋಮಿನ್ ಸೇರಿಸಿದರೆ ಒಂದರ ಬದಲು ಮೂರು ಬ್ರೋಮಿನ್ ಅಂಟಿಕೊಳ್ಳುತ್ತವೆ. ಹಾಗಾಗದಂತೆ ಮೊದಲು ಅನಿಲೀನ್‌ಗೆ ಅಸಿಟೈಲ್ ಗುಂಪಿನ ಮುಸುಕು ಹಾಕಿ, ಒಂದನ್ನೇ ಎದುರು ತುದಿಯಲ್ಲಿ ಕೂರಿಸಿ, ಆಮೇಲೆ ಮುಸುಕು ತೆಗೆಯಬೇಕು. ಇದನ್ನು ನಾನು ಒಂದು ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದೆ. ಕೊನೆಗೆ ಮಟಕಿ ಎಂಬ ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಉರಿಯೋ ಒಲಿಗಿ ಬೂದಿ ಮುಚ್ಚಿ ರೊಟ್ಟಿ ಹದಕ್ಕ ತರ್ತೀವಲ್ರಿ, ಹಂಗಾ?”

“ಹೌದು, ಹಾಗೇ” ಎಂದುಬಿಟ್ಟೆ. “ಯಾರು ಹೇಳಿದರು?”

ಇಡೀ ತರಗತಿ ಬಾಗಿಲಿನತ್ತ ತಿರುಗಿತು. ಅಲ್ಲಿ ಚಾಚಾ, ಆಗಲೇ ಸ್ವಚ್ಛವಾಗಿದ್ದ ಬೀಕರೊಂದನ್ನು ಬಹಳ ಶ್ರದ್ಧೆಯಿಂದ ತೊಳೆಯುತ್ತಿದ್ದರು.

ಎರಡನೆಯ ಸಾಲು ಬರೆದೆ: “ಪಾಠವನ್ನು ವಿದ್ಯಾರ್ಥಿಗಳಿಗೆ ತಮ್ಮದೇ ಮಾತಿನಲ್ಲಿ ತಿಳಿಹೇಳುತ್ತಾರೆ.”

೩. ಬಿಳಿ ಪುಡಿ

ಹೈದರಾಬಾದಿನಿಂದ ಎನ್-ಬ್ರೋಮೋಸಕ್ಸಿನಿಮೈಡ್ ತರಿಸಿದೆ. ದ್ರವ ಬ್ರೋಮಿನಿನ ಆರ್ಭಟವಿಲ್ಲದೆ, ಬೇಕಾದ ಜಾಗದಲ್ಲಿ ಒಂದೇ ಬ್ರೋಮಿನ್ ಕೂರಿಸುವ ಬಿಳಿ ಪುಡಿ. “ಇದನ್ನು ಯಾರೂ ಮುಟ್ಟಕೂಡದು” ಎಂದು ಆಜ್ಞೆ ಮಾಡಿ ಕಪಾಟಿಗೆ ಹೊಸ ಬೀಗ ಹಾಕಿದೆ.

ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರ ಮುಂದೆ ಜಂಬದಿಂದ ಬಾಟಲಿ ತೆರೆದೆ. ಒಳಗೆ ಬೆಲ್ಲದ ಬಣ್ಣದ ಹೆಂಟೆ! ಸೆಕೆಗೆ ಕೆಟ್ಟುಹೋಗಿತ್ತು. ಚಾಚಾ ಗಡಿಗೆಗೆ ಕೈ ಹಾಕಿ, ಮೇಣ ಮೆತ್ತಿದ ಸಣ್ಣ ಬಾಟಲಿ ತೆಗೆದರು. ಹಾಲಿನಂಥ ಪುಡಿ.

“ತಪ್ಪಾತ್ರಿ ಮೇಡಂ. ಬಂದ ದಿನಾನೇ, ನೀವು ಬೀಗ ಹಾಕೂಕ್ಕಿಂತ ಮೊದಲ, ಅರ್ಧ ತೆಗೆದಿಟ್ಟಿದ್ದೆ.”

ಪ್ರಯೋಗ ಗೆದ್ದಿತು. ಪರೀಕ್ಷಕರು ನಕ್ಕರು: “ಮೇಡಂ, ವಿಭಾಗ ನಡೆಸಾಕತ್ತವರು ಯಾರು, ನೀವೋ ಅವರೋ?”

ಆ ನಗು ನನ್ನನ್ನು ಚುಚ್ಚಿತು. ಸಂಜೆ ಮೂರನೆಯ ಸಾಲು ಬರೆದೆ: “ರಾಸಾಯನಿಕ ಕೆಡದಂತೆ ಕಾಯಲು ಮೇಲಿನವರ ಆಜ್ಞೆಯನ್ನೂ ಮೀರುತ್ತಾರೆ.” ಸಹಿ ಹಾಕಿ ಕಳಿಸಿದೆ.

ರಜೆ ಮುಗಿಸಿ ಬಂದಾಗ ಚಾಚಾ ಇರಲಿಲ್ಲ. ನನ್ನ ವರದಿಯ ಹಾಳೆಯನ್ನೇ ಕೈಗಿತ್ತು ಅವರನ್ನು ಕೆಲಸದಿಂದ ಕಳಿಸಿಬಿಟ್ಟಿದ್ದರು. ಗಡಿಗೆ ಬರಿದಾಗಿತ್ತು. ಆಗಲೂ ಹೇಳಿ ಮರಳಿ ಕರೆಸಬಹುದಿತ್ತು, ಪ್ರಿನ್ಸಿಪಾಲರ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಲಿಲ್ಲ.

೪. ಚೀಟಿ

ಕೆಲವು ವರ್ಷಗಳ ನಂತರ ಜೇವರ್ಗಿಯ ಕಾಲೇಜೊಂದಕ್ಕೆ ಪರೀಕ್ಷಕಿಯಾಗಿ ಹೋದೆ. ಲ್ಯಾಬಿನ ಮೂಲೆಯಲ್ಲಿ ಒದ್ದೆ ಗೋಣಿ ಸುತ್ತಿದ ಗಡಿಗೆ. ಅದರ ಪಕ್ಕದಲ್ಲಿ, ಗಡ್ಡ ಬೆಳ್ಳಗಾಗಿ, ಚಾಚಾ.

“ಬರ್ರಿ ಮೇಡಂ! ಚಾ ಹೊರಗ ಇಟ್ಟೀನಿ. ಲ್ಯಾಬಿನ್ಯಾಗ ಕುಡೀಬಾರದು ಅಂತ ನೀವೇ ಹೇಳಿದ್ರಲ್ಲ.”

ಅಷ್ಟರಲ್ಲಿ ಅಲ್ಲಿಯ ಪ್ರಿನ್ಸಿಪಾಲರು ಬಂದರು. “ನೀವು ಅಫಜಲಪುರದಾಗ ಬರದ ಚೀಟಿ ನೋಡೇ ಇವರನ್ನ ಕಾಯಂ ಮಾಡೀವ್ರಿ. ಬ್ರೋಮಿನ್ ತಂಪಾಗಿ ಇಡ್ತಾರ, ಹುಡುಗರಿಗೆ ಅವರ ಮಾತಿನ್ಯಾಗ ತಿಳಿಸಿ ಹೇಳ್ತಾರ, ಸಾಮಾನು ಕಾಯಾಕ ಮೇಲಿನವರಿಗೂ ಅಂಜೂದಿಲ್ಲ. ಇಂಥಾ ಶಿಫಾರಸು ನಾ ಎಲ್ಲೂ ಓದಿಲ್ರಿ!”

ಚಾಚಾ ಜೇಬಿನಿಂದ ಅಂಚು ಕಂದಿದ ಕಾಗದ ತೆಗೆದು ಕಣ್ಣಿಗೊತ್ತಿಕೊಂಡರು. “ನನಗ ಇಂಗ್ಲಿಷ್ ಬರೂದಿಲ್ಲ. ಇದರಾಗ ಏನ್ ಬರದೀರಿ, ನಿಮ್ಮ ಬಾಯಿಲೇನೇ ಇವತ್ತರ ಹೇಳ್ರಿ.”

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ನಿಜ ಹೇಳುವ ಧೈರ್ಯ ನನ್ನಲ್ಲಿರಲಿಲ್ಲ.

“ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ, ಚಾಚಾ” ಎಂದೆ.

ಅವರು ಕಾಗದ ಮಡಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ಮೇಡಂ, ಆರಾಮ ಅದೀರಿಲ್ಲ? ನನಗ ಚಾಚಾ ಅಂದ್ರಿ!”