ಬೆಲ್ಲದ ಧಾರಣೆ ಬಲ್ಲವರು

ಬೆಲ್ಲದ ರುಚಿ ಬಲ್ಲವನೇ ಬಲ್ಲ ಎನ್ನುತ್ತಾರೆ. ಧಾರಣೆಯ ವಿಷಯದಲ್ಲಿ ಆ ಕಷ್ಟವಿರಲಿಲ್ಲ. ಕೃಷ್ಣರಾಜನಗರದ ಮಂಡಿ ಬೀದಿಯಲ್ಲಿ ಬೆಲ್ಲದ ಧಾರಣೆ ಅರಿಯದವರೇ ಇರಲಿಲ್ಲ. ಐವತ್ತರ ದಶಕದಲ್ಲಿ ನಾನು ಅಲ್ಲೊಂದು ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ನಾಳೆ ಧಾರಣೆ ಏರುತ್ತದೋ ಇಳಿಯುತ್ತದೋ ಎಂದು ದಿನಾ ಯಾರಾದರೊಬ್ಬರು ಬಂದು ಖಂಡಿತವಾಗಿ ಹೇಳಿ ಹೋಗುತ್ತಿದ್ದರು. ಮರುದಿನ ಅದು ಯಾಕೆ ಹಾಗಾಗಲಿಲ್ಲ ಎಂದು ಅಷ್ಟೇ ಖಂಡಿತವಾಗಿ ಹೇಳುವುದಕ್ಕೂ ಅವರೇ ಬರುತ್ತಿದ್ದರು. ಕಬ್ಬಿಗಾದರೂ ಒಂದು ಕಾಲವಿದೆ, ಇಂಥ ಪ್ರಸಂಗಗಳು ನಮ್ಮಲ್ಲಿ ವರ್ಷಪೂರ್ತಿ ಬೆಳೆಯುತ್ತಿದ್ದವು.

೧. ಇರುವೆಗಳ ಬಾಯಿ

ನಮ್ಮ ಸಾಹುಕಾರರು ಒಳ್ಳೆಯವರು. ದಿನಾ ಶಿವಪೂಜೆ ಮಾಡದೆ ಬಾಯಿಗೆ ನೀರು ಹಾಕಿದವರಲ್ಲ, ತೂಕದಲ್ಲಿ ಮೋಸ ಮಾಡಿದವರಲ್ಲ. ಧಾರಣೆ ತಮಗೆ ಅರ್ಥವಾಗುತ್ತದೆ ಎಂದು ನಂಬಿದ್ದರು, ಅದೊಂದೇ ಚಟ. ಕೆಲವರಿಗೆ ಇಸ್ಪೀಟು ಇರುತ್ತದಲ್ಲ, ಹಾಗೆ.

ಆ ವರ್ಷ ಅವರಿಗೆ ಇರುವೆ ಶಾಸ್ತ್ರ ಹೊಳೆದಿತ್ತು. ಇರುವೆ ಸಾಲು ಗೋದಾಮಿನ ಒಳಕ್ಕೆ ಹೋದರೆ ಬೆಲ್ಲ ಏರುತ್ತದೆ, ಹೊರಕ್ಕೆ ಬಂದರೆ ಇಳಿಯುತ್ತದೆ. ನಾನು ಕುಕ್ಕರಗಾಲಿನಲ್ಲಿ ಕೂತು ನೋಡಿ, "ಸಾವ್ಕಾರ್ರೇ, ಒಂದೇ ಸಾಲಲ್ಲಿ ಅರ್ಧ ಒಳೀಕ್ ಓಯ್ತಾವೆ, ಅರ್ಧ ಈಚೀಕ್ ಬತ್ತಾವೆ" ಎಂದೆ.

"ಅದಕ್ಕೇ ಕಣಯ್ಯ ಸರಿಯಾಗಿ ನೋಡು ಅಂದಿದ್ದು. ಯಾವ್ದರ ಬಾಯಲ್ಲಿ ಏನದೆ ಅಂತ ನೋಡ್ಬೇಕು" ಎಂದರು.

ಅಷ್ಟರಲ್ಲಿ ಅವರ ಹೆಂಡತಿ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದವರು, ಗೋದಾಮಿನ ಬಾಗಿಲಿಗೆ ಬಂದರು. ಮೊದಲು ಗಂಡನನ್ನು ನೋಡಿದರು, ಆಮೇಲೆ ಇರುವೆಯ ಮುಂದೆ ಕೂತ ನನ್ನನ್ನು ನೋಡಿದರು.

"ಏನ್ರೀ, ಕೇಳಿಸ್ಕೊಳ್ಳಿ. ಈ ವರ್ಷದಲ್ಲಿ ಒಂದ್ ಸಲನಾದ್ರೂ ನೀವು ಏಳಿದ್ದು ನಡೀಬೇಕು. ಇಲ್ಲಾಂದ್ರೆ ಮಂಡಿ ಬೀಗದ ಕೈ ನನ್ ತಮ್ಮನ ಕೈಗೆ ಕೊಟ್ಬುಡಿ."

ಆ ತಮ್ಮ ನನಗೆ ಮೊದಲೇ ಒಂದು ಮಾತು ಹೇಳಿದ್ದ, ಮಂಡಿ ತನ್ನ ಕೈಗೆ ಬಂದರೆ ಗುಮಾಸ್ತನೆಂಬ ದಂಡದ ಖರ್ಚು ಇರುವುದಿಲ್ಲವೆಂದು. ಅಂದರೆ ಸಾಹುಕಾರರ ಬೀಗದ ಕೈಗೆ ನನ್ನ ಅನ್ನವೂ ಜೋತು ಬಿದ್ದಿತ್ತು. ಅಂದಿನಿಂದ ನಾನೂ ಇರುವೆಗಳ ಬಾಯನ್ನು ಭಕ್ತಿಯಿಂದ ನೋಡತೊಡಗಿದೆ.

೨. ಗ್ರಹಗತಿ

ಇರುವೆಗಳು ಕೈಕೊಟ್ಟ ಮೇಲೆ ಗ್ರಹಗಳ ಸರದಿ ಬಂತು. ಸಾಲಿಗ್ರಾಮದಲ್ಲಿ ಒಬ್ಬ ಜೋಯಿಸರಿದ್ದರು. ಗಾಡಿ ಕಟ್ಟಿಸಿಕೊಂಡು ಹೋಗಿ ಫಲತಾಂಬೂಲವಿಟ್ಟು ಕೇಳಿದೆವು. ಅವರು ಪಂಚಾಂಗ ಬಿಡಿಸಿ, ಬೆರಳು ಮಡಿಸಿ, ಕಣ್ಣು ಮುಚ್ಚಿ, ಮುಚ್ಚಿದ ಕಣ್ಣನ್ನು ಬಹಳ ಹೊತ್ತು ತೆರೆಯಲೇ ಇಲ್ಲ. ಎಬ್ಬಿಸಬೇಕೋ ಏನೋ ಎಂದು ನಾನು ಯೋಚಿಸುತ್ತಿದ್ದಾಗ ಬಾಯಿ ಬಿಟ್ಟರು.

"ಸಿಹಿ ಪದಾರ್ಥಕ್ಕೆ ಗುರುಬಲ ಬಂದಿದೆ. ಕೊಳ್ಳಿ."

ಸಾಹುಕಾರರು ಕೊಂಡರು. ಮಂಡ್ಯದ ಕಡೆಯಿಂದ ಬೆಲ್ಲದ ಗಾಡಿಗಳು ಸಾಲುಗಟ್ಟಿ ಬಂದವು, ಧಾರಣೆ ನೆಲ ಕಚ್ಚಿತು. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನಾವು ಗುರುಬಲ ನಂಬಿ ಕೊಂಡ ಬೆಲ್ಲದಲ್ಲಿ ಒಂದು ಗಾಡಿ ಜೋಯಿಸರದೇ ಕಬ್ಬಿನ ಗದ್ದೆಯದೆಂದು ಗಾಡಿಯವನು ಬಾಯಿಬಿಟ್ಟ.

ಸಾಹುಕಾರರು ಮತ್ತೆ ಹೋಗಿ ಕೇಳಿದರು. "ಏರ್ತದೆ ಅಂದ್ರಿ. ಅಂಗಾರೆ ನಿಮ್ ಬೆಲ್ಲ ಯಾಕ್ ಮಾರುದ್ರಿ ಸ್ವಾಮಿ?"

ಜೋಯಿಸರು ಒಂದಿಷ್ಟೂ ಅಳುಕಲಿಲ್ಲ. "ಶಾಸ್ತ್ರ ಹೇಳುವವನಿಗೆ ದುರಾಸೆ ಇರಬಾರದು ನೋಡಿ" ಎಂದರು.

೩. ಶಿಸ್ತಿನ ಪೇಟೆ

ಶಾಸ್ತ್ರ ಆಯಿತು, ಇನ್ನು ವಿಜ್ಞಾನ. ಹುಣಸೂರಿನಿಂದ ಒಬ್ಬ ಗಣಿತದ ಮೇಷ್ಟ್ರು ಭಾನುವಾರ ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದರು. ಚೌಕುಳಿ ಕಾಗದದ ಮೇಲೆ ಹಳೆಯ ಧಾರಣೆಗಳನ್ನೆಲ್ಲ ಚುಕ್ಕಿ ಇಟ್ಟು ಗೆರೆ ಎಳೆಯುವುದು ಅವರ ವಿದ್ಯೆ. ಧಾರಣೆಗೂ ಒಂದು ನಡಿಗೆ ಇದೆ, ಬಲ್ಲವರು ಅದರ ಮುಂದಿನ ಹೆಜ್ಜೆ ಹೇಳಬಹುದು ಎನ್ನುತ್ತಿದ್ದರು. ಗೆರೆ ಅವರು ಹೇಳಿದ ಕಡೆಗೆ ಹೋಗದಿದ್ದರೆ ಮುಂದಿನ ವಾರ ಹೊಸ ಕಾಗದ ತರುತ್ತಿದ್ದರು. ಕಾಗದದ ಅಂಗಡಿಯವನಿಗೆ ಮಾತ್ರ ಈ ವಿದ್ಯೆಯಿಂದ ಲಾಭವಾಯಿತು.

ಆ ದಿನಗಳಲ್ಲೇ ಅಮ್ಮಾವ್ರ ತಮ್ಮ ಹೆಗ್ಗಡದೇವನಕೋಟೆಯ ಕಾಡಿನಲ್ಲಿ, ಎನ್. ಬೇಗೂರಿನ ಆಚೆ, ಬಿದಿರು ಗುತ್ತಿಗೆ ಮಾಡಲು ಹೋಗಿ ಬಿದಿರಿನ ಬದಲು ಚಳಿಜ್ವರ ಕಡಿದುಕೊಂಡು ಬಂದಿದ್ದ. ಮನೆಯ ಒಳಕೋಣೆಯಲ್ಲಿ ಮಲಗಿದ್ದ. ಆಸ್ಪತ್ರೆಯ ಕಾಂಪೌಂಡರು ಅವನ ಜ್ವರದ ಏರಿಳಿತವನ್ನು ಅದೇ ಬಗೆಯ ಚೌಕುಳಿ ಕಾಗದದಲ್ಲಿ ಗೆರೆ ಎಳೆದು ಪಡಸಾಲೆಯ ಗೋಡೆಗೆ ತೂಗುಹಾಕಿದ್ದರು.

ಮೇಷ್ಟ್ರು ಬಂದವರೇ ಅದರ ಮುಂದೆ ನಿಂತುಬಿಟ್ಟರು. ಕನ್ನಡಕ ಒರೆಸಿ ಮತ್ತೆ ನೋಡಿದರು. ನಾನು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು.

"ಸುಮ್ನಿರಪ್ಪ. ಇದ್ಯಾವ ಪೇಟೆ? ಎಂಥಾ ಶಿಸ್ತು ನೋಡು. ಒಂದು ದಿನ ಬಿಟ್ಟು ಒಂದು ದಿನ ತಪ್ಪದೆ ಏರಿದೆ. ಇಂಥ ಗೆರೆಗೇ ನಾನು ಇಷ್ಟು ವರ್ಷದಿಂದ ಕಾಯ್ತಿದ್ದೆ. ನಾಳೆ ಸಾಯಂಕಾಲದೊಳಗೆ ಜೋರಾಗಿ ಏರುತ್ತೆ, ಬರೆದಿಟ್ಕೋ."

ಒಳಕೋಣೆಯಿಂದ ನರಳುವ ದನಿ ಬಂತು. "ಅಯ್ಯೋ ಶಿವನೇ, ನಾಳೀಕೂ ಏರ್ತದಾ? ಇನ್ನೊಂದ್ ಕಂಬ್ಳಿ ಕೊಡ್ರಪ್ಪೋ."

ಆದರೆ ಸಾಹುಕಾರರು ಜಗಲಿಯಲ್ಲಿ ಕೂತು ಮೇಷ್ಟ್ರ ಮಾತಿನ ಕೊನೆಯನ್ನಷ್ಟೇ ಕೇಳಿಸಿಕೊಂಡಿದ್ದರು. ಇದ್ದಬದ್ದ ಬೆಲ್ಲವನ್ನೆಲ್ಲ ಕೊಳ್ಳಲು ಅಲ್ಲಿಂದಲೇ ಆಳು ಅಟ್ಟಿದರು. ಮರುದಿನ ಸಾಯಂಕಾಲ ಮೇಷ್ಟ್ರು ಹೇಳಿದಂತೆ ಜ್ವರ ಜೋರಾಗಿ ಏರಿತು. ಬೆಲ್ಲ ಇಳಿಯಿತು.

೪. ಪಿರಿಯಾಪಟ್ಟಣದ ಕಾಫಿ

ಗೋಣಿಚೀಲ ತರಲು ಒಮ್ಮೆ ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಒಬ್ಬ ದಪ್ಪನೆಯ ವ್ಯಾಪಾರಿ ದೋಸೆ ತಿನ್ನುತ್ತಿದ್ದರು. ಬಸ್ಸಿನಿಂದ ಇಳಿದ ಕಂಡಕ್ಟರು ಬಾಗಿಲಲ್ಲೇ ನಿಂತು, "ಅಣ್ಣೋ, ನಗರದ ಸಾವ್ಕಾರ್ರು ನೆನ್ನೆ ಕೊಂಡವ್ರೆ" ಎಂದ. ಆ ಕಡೆಯವರ ಬಾಯಲ್ಲಿ ನಗರ ಎಂದರೆ ನಮ್ಮ ಕೃಷ್ಣರಾಜನಗರ.

ವ್ಯಾಪಾರಿ ಅರ್ಧ ದೋಸೆ ಬಿಟ್ಟು ಎದ್ದರು. ಬೀದಿಯ ಕಡೆ ಮುಖ ಮಾಡಿ ತಮ್ಮ ಆಳಿಗೆ, "ಲೇ, ಗೋದಾಮ್ ಬಾಗ್ಲು ತಗೀರ್ಲಾ. ಇರೋ ಬೆಲ್ಲನೆಲ್ಲ ಮಾರ್ಬುಡಿ" ಎಂದು ಕೂಗಿದರು.

ನಾನು ಏನೂ ತಿಳಿಯದವನಂತೆ, "ಯಾಕ್ರೀ, ಅವ್ರು ಕೊಂಡ್ರೆ ನೀವ್ಯಾಕೆ ಮಾರ್ತೀರಿ?" ಎಂದೆ.

"ಈ ಕಡೆಗೆ ಒಸಬ್ರಾ? ನಗರದಲ್ಲಿ ಒಬ್ರು ಪುಣ್ಯಾತ್ಮರು ಅವ್ರೆ ಕಣ್ರೀ. ಅವ್ರು ಕೊಂಡ್ರೆ ಇಳೀತದೆ, ಮಾರುದ್ರೆ ಏರ್ತದೆ. ಮಳೆ ನಕ್ಷತ್ರ ಕೈ ಕೊಟ್ರೂ ಅವ್ರು ಕೈ ಕೊಡಾಕಿಲ್ಲ. ಹುಣಸೂರು, ಹೆಗ್ಗಡದೇವನಕೋಟೆ ತಾವಿನ ಹ್ಯಾಂಡ್‌ಪೋಸ್ಟು, ಎಲ್ಲಾ ಕಡೇರೂ ಅವರನ್ನೇ ನೋಡ್ಕೊಂಡು ಬದುಕ್ತಾ ಅವ್ರೆ. ಅಂದಂಗೆ, ನಿಮ್ಗೆಲ್ಲಿ ಕೆಲ್ಸ?"

"ಅವ್ರ ಮಂಡೀಲೇ."

ಅವರು ಕೈ ತೊಳೆದು ಬಂದರು. ಆಮೇಲೆ ಹೋಟೆಲಿನವನಿಗೆ ನನ್ನ ಕಾಫಿಯ ದುಡ್ಡು ಕೊಟ್ಟು, ಹತ್ತಿರ ಬಂದು, ನಿಜವಾದ ಕಳಕಳಿಯಿಂದ ಕೇಳಿದರು. "ಸಾವ್ಕಾರ್ರು ಆರೋಗ್ಯವಾಗವ್ರಾ?"

೫. ಉಲ್ಟಾ ಲೆಕ್ಕ

ಮುಚ್ಚಿಡುವುದು ಸರಿಯಲ್ಲವೆಂದು ಸಾಹುಕಾರರಿಗೆ ಹೇಳಿಬಿಟ್ಟೆ. ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದರು. ಬೇಸರಪಡುತ್ತಾರೆಂದುಕೊಂಡರೆ ಮುಖ ಅರಳಿತು.

"ಎಂಥಾ ಒಳ್ಳೆ ಸುದ್ದಿ ತಂದೆ ಕಣಯ್ಯ. ಇನ್ಮೇಲೆ ಕೊಳ್ಬೇಕು ಅನ್ನುಸ್ದಾಗ ಮಾರ್ಬುಡಾದು. ಮಾರ್ಬೇಕು ಅನ್ನುಸ್ದಾಗ ಕೊಳ್ಳಾದು. ಧಾರಣೆ ಏನು, ಅದ್ರಪ್ಪನೂ ನಮ್ ಮಾತ್ ಕೇಳ್ತಾನೆ."

ಗೌರಿ ಹಬ್ಬ ಹತ್ತಿರ ಬಂತು. ಸಾಹುಕಾರರಿಗೆ ಕೊಳ್ಳಬೇಕೆಂಬ ಆಸೆ ಒಳಗಿಂದ ಒದ್ದುಕೊಂಡು ಬಂತು. ಹಲ್ಲು ಕಚ್ಚಿ ಗೋದಾಮು ಪೂರ್ತಿ ಮಾರಿದರು. ನಗರದ ಸಾಹುಕಾರರು ಮಾರಿದರೆಂಬ ಸುದ್ದಿ ಬಸ್ಸು ಹತ್ತಿತು, ನಾಲ್ಕು ತಾಲ್ಲೂಕಿನವರೂ ಕೊಳ್ಳಲು ಮುಗಿಬಿದ್ದರು. ಬೆಲ್ಲ ಏರಿತು, ಏರುತ್ತಲೇ ಹೋಯಿತು.

"ಇದ್ಯಾಕ್ಲಾ ಇಂಗಾಯ್ತು? ನಂಗೆ ಅನ್ನುಸಿದ್ದು ಕೊಳ್ಬೇಕು ಅಂತ. ಅಂಗಾರೆ ಇಳೀಬೇಕಾಗಿತ್ತಲ್ಲ?"

"ನಿಮ್ಗೆ ಏನನ್ನುಸ್ತು ಅಂತ ಬೆಲ್ಲಕ್ಕೆ ಎಂಗ್ ಗೊತ್ತಾಗ್ಬೇಕು ಸಾವ್ಕಾರ್ರೇ? ನೀವು ಮಾಡಿದ್ದನ್ನಷ್ಟೇ ಅದು ನೋಡಾದು" ಎಂದೆ.

ಆ ದಿನ ಅವರು ಊಟಕ್ಕೆ ಏಳಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ತನಗೆ ಅನ್ನಿಸಿದಂತೆ ಮಾಡಿ ಮುಳುಗಿದವರನ್ನು ಲೋಕ ಕಂಡಿದೆ. ಅನ್ನಿಸಿದ್ದಕ್ಕೆ ವಿರುದ್ಧ ಮಾಡಿಯೂ ಮುಳುಗುವುದಕ್ಕೆ ಹಿಂದಿನ ಜನ್ಮದ ಪುಣ್ಯವೇ ಬೇಕು.

೬. ಹಾರ

ಮರುದಿನ ಅಮ್ಮಾವ್ರು ಕೈ ಚಾಚಿದರು. ಸಾಹುಕಾರರು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟು, "ಇನ್ ನಂಗೆ ಯಾಪಾರ ಬ್ಯಾಡ ಬುಡು" ಎಂದರು. ತಮ್ಮನಿಗೆ ಅಷ್ಟು ಹೊತ್ತಿಗೆ ಜ್ವರ ಬಿಟ್ಟಿತ್ತು. ಎರಡು ದಿನ ಬಿಟ್ಟು ಅವನು ಹೊಸ ಪಂಚೆ ಉಟ್ಟು ಬಂದು ನನ್ನ ಮಣೆಯ ಮೇಲೆ ಕೂತು ನೋಡಿ, ಸರಿಯಾಗಿದೆ ಎಂದ. ನಾನು ನನ್ನ ಕೊಡೆ, ಎಲೆಯಡಿಕೆ ಚೀಲ ಎತ್ತಿಕೊಂಡೆ. ಇನ್ನೆಲ್ಲಿ ಕೆಲಸ ಹುಡುಕುವುದೆಂದು ತಲೆ ಕೆಟ್ಟಿತ್ತು.

ಅಷ್ಟರಲ್ಲಿ ಈ ಸುದ್ದಿಯೂ ಬಸ್ಸು ಹತ್ತಿತ್ತೆಂದು ಕಾಣುತ್ತದೆ, ಹೊರಗೆ ಗದ್ದಲ ಕೇಳಿಸಿತು. ಬೀದಿ ತುಂಬ ವ್ಯಾಪಾರಿಗಳು. ಹುಣಸೂರಿನವರು, ಹ್ಯಾಂಡ್‌ಪೋಸ್ಟಿನವರು, ನಮ್ಮ ಬೀದಿಯವರು, ಎಲ್ಲರಿಗಿಂತ ಮುಂದೆ ಹಾರ ಹಿಡಿದ ಪಿರಿಯಾಪಟ್ಟಣದ ದಪ್ಪನೆಯವರು. ಸಾಹುಕಾರರನ್ನು ಜಗಲಿಗೆ ಕರೆದು ಕೊರಳಿಗೆ ಹಾರ ಹಾಕಿಯೇಬಿಟ್ಟರು.

"ಯಾಪಾರ ಬುಟ್ರಂತೆ. ಅಂಗೆಲ್ಲ ಮಾಡ್ಬ್ಯಾಡಿ ಬುದ್ಧಿ. ನೀವು ಕೈ ಬುಟ್ರೆ ನಾವು ಕತ್ತಲಲ್ಲಿ ಬಿದ್ದಂಗೆ" ಎಂದರು ಪಿರಿಯಾಪಟ್ಟಣದವರು.

"ನಷ್ಟ ಬಂದ್ರೆ ನಾವೆಲ್ಲ ಸೇರಿ ತುಂಬ್ಕೊಡ್ತೀವಿ. ನೀವ್ ಮಾತ್ರ ನಿಲ್ಲುಸ್ಬ್ಯಾಡಿ" ಎಂದರು ಹ್ಯಾಂಡ್‌ಪೋಸ್ಟಿನವರು.

ಯಾಕೆ ಬೇಡಿಕೊಳ್ಳುತ್ತಿದ್ದಾರೆಂದು ಸಾಹುಕಾರರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಕೊರಳಿಗೆ ಹಾರ ಬಿದ್ದ ಮನುಷ್ಯನಿಗೆ ಕೆಲವು ವಿಷಯಗಳು ಬೇಗ ಮರೆಯುತ್ತವೆ. ಅವರ ಕಣ್ಣು ತುಂಬಿ ಬಂತು.

ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಅಮ್ಮಾವ್ರು ಹೊರಗೆ ಬಂದರು. "ನಾಕೂರೋರು ಬಂದು ಇಷ್ಟ್ ಕೇಳ್ಕೊತಾ ಅವ್ರೆ. ತಗೊಳ್ಳಿ" ಎಂದು ಬೀಗದ ಕೈಯನ್ನು ಗಂಡನ ಅಂಗೈಯಲ್ಲಿಟ್ಟರು. ತಮ್ಮನ ಮುಖ ಮತ್ತೆ ಜ್ವರ ಬಂದಂತಾಯಿತು. ನಾನು ಕೊಡೆಯನ್ನು ಮೂಲೆಗೆ ಒರಗಿಸಿದೆ.

ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ನಿಮ್ ವಿಸ್ವಾಸ ದೊಡ್ದು. ಅದಕ್ಕೇ ಒಂದ್ ಮಾತ್ ಏಳ್ತೀನಿ, ಗಟ್ಟಿಯಾಗಿ ಇಟ್ಕೊಳ್ಳಿ. ನಾಳೆಯಿಂದ ಬೆಲ್ಲ ಇನ್ನೂ ಏರ್ತದೆ."

ಮಾತು ಮುಗಿಯುವುದರೊಳಗೆ ಜಗಲಿ ಖಾಲಿಯಾಗಿತ್ತು. ಅವಸರಕ್ಕೆ ಒಬ್ಬರ ಕೆರ ಒಬ್ಬರು ಮೆಟ್ಟಿಕೊಂಡು ಓಡಿದರು. ಅಮ್ಮಾವ್ರು ಕಾಫಿಯ ತಟ್ಟೆ ಹಿಡಿದು ಬರುವಾಗ ಸಾಹುಕಾರರು ಹಾರ ಸರಿಮಾಡಿಕೊಳ್ಳುತ್ತ ಒಬ್ಬರೇ ನಿಂತಿದ್ದರು.

"ನೋಡ್ದ್ಯಾ? ನನ್ ಮಾತು ಕೇಳಿದ್ದೇ ತಡ, ಎಲ್ರೂ ಕೊಳ್ಳಾಕೆ ಓಡುದ್ರು" ಎಂದರು.

"ಹೂಂ, ನೋಡ್ದೆ" ಎಂದು ಅಮ್ಮಾವ್ರು ತಟ್ಟೆ ಕೆಳಗಿಟ್ಟರು. ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, ಗಂಡನಿಗೆ ಕೇಳಿಸದ ಹಾಗೆ ಹೇಳಿದರು.

"ಬೇಗ ಸೈಕಲ್ ತಗೊಂಡ್ ಓಡು. ನಮ್ಮಪ್ಪನ ಆಲೆಮನೇಲಿರೋ ಬೆಲ್ಲನೆಲ್ಲ ಈಗ ಓಡೋದೋರಿಗಿಂತ ಮೊದ್ಲು ಮಾರ್ಬುಡಿ ಅಂತ ಏಳ್ಬುಟ್ಟು ಬಾ."